ಸಾವಿರ ಗುಡ್ಡಗಳ ದಾರಿಯಲ್ಲಿ

ದಕ್ಷಿಣ ಆಫ್ರಿಕದ ಪೂರ್ವತೀರದ ಡರ್ಬನ್ ಪಟ್ಟಣದಿಂದ ಒಳನಾಡಿನ ಪೀಟರ್‌ಮಾರಿಟ್ಸ್‌ಬರ್ಗಿಗೆ ರಸ್ತೆಯ ಮೇಲೆ ಸುಮಾರು 90 ಕಿಲೋಮೀಟರು; ಹಳೆಯ ಲೆಕ್ಕದಲ್ಲಿ 56 ಮೈಲಿ. ಭಾರತೀಯರಿಗೆ ಈ ಎರಡನೆಯ ಊರು ಅಪರಿಚಿತವಲ್ಲ. 1893ರ ಜೂನ್ 7ರ ರಾತ್ರಿ, ಮೊದಲನೆಯ ದರ್ಜೆಯ ಟಿಕೆಟ್ಟು ಕೈಯಲ್ಲಿದ್ದ ತರುಣ ವಕೀಲ ಗಾಂಧಿಯವರನ್ನು ರೈಲಿನಿಂದ ಕೆಳಗೆ ತಳ್ಳಿದುದು ಈ ಊರಿನ ನಿಲ್ದಾಣದಲ್ಲಿಯೇ. ಅವರು ಡರ್ಬನ್ನಿನಿಂದ ಹೊರಟು ಬಂದಿದ್ದರು. ಆ ಎರಡು ಊರುಗಳ ನಡುವೆ ವರ್ಷಕ್ಕೊಮ್ಮೆ, ಅಲ್ಲಿನ ಚಳಿಗಾಲದ ಆರಂಭದಲ್ಲಿ, ಸಹಸ್ರಾರು ಜನ ಕಾಲ್ನಡಿಗೆಯ ವೇಗಕ್ಕಿಂತ ತುಸು ಹೆಚ್ಚಿನ ವೇಗದಲ್ಲಿ ಓಡುತ್ತಾರೆ. ಈ ಓಟಕ್ಕೆ ‘ಕಾಮ್ರೇಡ್ಸ್ ಮ್ಯಾರಥಾನ್’ ಎಂದು ಹೆಸರು. ಸಾಮಾನ್ಯವಾಗಿ ಒಂದು ವರ್ಷ ಕಡಲಿನಿಂದ ಮೇಲಕ್ಕೆ, ಮರುವರ್ಷ ಮೇಲಿನಿಂದ ಕಡಲಿಗೆ.

ಗೆಲ್ಲುವ ಆಸೆಯುಳ್ಳವರು ಬೆರಳೆಣಿಕೆಯಷ್ಟು ಮಂದಿ. ಉಳಿದವರೆಲ್ಲ ಮರುದಿನ ಕಚೇರಿಗೋ ಶಾಲೆಗೋ ಹೋಗಬೇಕಾದ ಹವ್ಯಾಸಿಗಳು. ಇನ್ನೂ ಕತ್ತಲಿರುವಾಗಲೇ ಅವರು ಬೀದಿಯಲ್ಲಿ ಒತ್ತಾಗಿ ನಿಲ್ಲುತ್ತಾರೆ. ಹಿಂದೆ ಗಣಿಗಳಿಗೆ ರೈಲಿನಲ್ಲಿ ಹೋಗುತ್ತಿದ್ದ ಕೂಲಿಕಾರರ ‘ಶೋಷೊಲೋಜ಼ಾ’ ಹಾಡು ಕೇಳಿಬರುತ್ತದೆ. ಅನಂತರ ಕೋಳಿಯ ಕೂಗು. ಅದು ನಿಜವಾದ ಹುಂಜವಲ್ಲ. 1948ರಲ್ಲಿ ಮ್ಯಾಕ್ಸ್ ಟ್ರಿಂಬಾರ್ನ್ ಎಂಬ ಓಟಗಾರ ಚಳಿಯಲ್ಲಿ ನಿಂತು ಹುಂಜದಂತೆ ಕೂಗಿದನಂತೆ. ಆತನ ಧ್ವನಿಮುದ್ರಿಕೆಯನ್ನೇ ಮುಂದೆ ಪ್ರತಿವರ್ಷವೂ ನುಡಿಸುವ ರೂಢಿ ಬಂದಿತು. ಅದರ ಹಿಂದೆಯೇ ಗುಂಡಿನ ಶಬ್ದ.

ಡರ್ಬನ್ನಿನಿಂದ ಹೊರಟವರಿಗೆ ಏರು ಬೇಗನೆ ಎದುರಾಗುತ್ತದೆ. ಕೌವೀಸ್ ಹಿಲ್, ಫೀಲ್ಡ್ಸ್ ಹಿಲ್, ಬೋಥಾಸ್ ಹಿಲ್ ಒಂದಾದ ಮೇಲೊಂದು ಬರುತ್ತವೆ. ಬಲಗಡೆ ‘ಸಾವಿರ ಗುಡ್ಡಗಳ ಕಣಿವೆ’ ತೆರೆದುಕೊಳ್ಳುತ್ತದೆ. ನೋಡುವ ಪುರುಸೊತ್ತು ಮಾತ್ರ ಯಾರಿಗೂ ಇಲ್ಲ. ನಡುದಾರಿಯ ಡ್ರಮಂಡ್ ಗ್ರಾಮಕ್ಕೆ ಸ್ವಲ್ಪ ಮೊದಲು, ರಸ್ತೆಯ ಪಕ್ಕದ ದಿಬ್ಬದಲ್ಲಿ ಕುರ್ಚಿಯಂಥ ಒಂದು ಪೊಟರೆಯುಂಟು. ಐದು ಸಲ ಗೆದ್ದ ರೈತ ಆರ್ಥರ್ ನ್ಯೂಟನ್ ಅಲ್ಲಿ ಕುಳಿತು ದಣಿವಾರಿಸಿಕೊಳ್ಳುತ್ತಿದ್ದನೆಂದು ಪ್ರತೀತಿ. ಓಟಗಾರರು ಅಲ್ಲೊಂದು ಹೂವಿಟ್ಟು, ಆರ್ಥರನಿಗೆ ನಮಸ್ಕಾರ ಹೇಳಿ ಮುಂದುವರಿಯುತ್ತಾರೆ. ಮುಂದೆ ಇಂಚಾಂಗ. ಎಲ್ಲ ಮುಗಿಯಿತೆನ್ನುವ ಹೊತ್ತಿಗೆ, ಕೊನೆಯ ಹತ್ತು ಕಿಲೋಮೀಟರುಗಳಲ್ಲಿ, ಪಾಲಿ ಶಾರ್ಟ್ಸ್ ಎಂಬ ಕಡಿದಾದ ಏರು. ಅದರ ಬುಡದಲ್ಲಿ ಬಹುತೇಕ ಎಲ್ಲರೂ ಓಟ ಬಿಟ್ಟು ನಡೆಯತೊಡಗುತ್ತಾರೆ.

ಈ ದಾರಿಯನ್ನು ಆರಿಸಿದವನು ವಿಕ್ ಕ್ಲಾಪಮ್, ಉದ್ಯೋಗದಿಂದ ರೈಲ್ವೆ ಎಂಜಿನ್ ಚಾಲಕ. ಮೊದಲನೆಯ ಮಹಾಯುದ್ಧದಲ್ಲಿ ಪೂರ್ವ ಆಫ್ರಿಕದ ಕಾಡುಗಳಲ್ಲಿ ಸೈನಿಕನಾಗಿ ನಡೆದು ಬಂದವನು. ಮಡಿದ ಜೊತೆಗಾರರ ಸ್ಮಾರಕ ಕಲ್ಲಿನದಾಗುವುದು ಬೇಡ, ಕಾಲಿನದಾಗಲಿ ಎಂಬುದು ಆತನ ಹಂಬಲ. ಮಾಜಿ ಸೈನಿಕರ ಸಂಘ ವರ್ಷ ವರ್ಷವೂ ನಿರಾಕರಿಸಿ, ಕಡೆಗೆ ಒಂದು ಪೌಂಡು ಕೈಗಡ ಕೊಟ್ಟು ಒಪ್ಪಿತು. 1921ರ ಮೇ 24ರಂದು 34 ಮಂದಿ ಹೊರಟರು. ಗುರಿ ಮುಟ್ಟಿದವರು 16.

ಮರುವರ್ಷದ ಕಥೆ ಇನ್ನೂ ಸ್ವಾರಸ್ಯ. ಬಿಲ್ ಪೇನ್ ಎಂಬ ಶಾಲಾ ಉಪಾಧ್ಯಾಯ, ರಗ್ಬಿ ಆಟಗಾರ. ಹಿಂದಿನ ರಾತ್ರಿ ಸ್ನೇಹಿತನಾದ ನ್ಯೂಟನ್ ಪುಸಲಾಯಿಸಿದನೆಂದು ರಗ್ಬಿ ಬೂಟುಗಳನ್ನೇ ಮೆಟ್ಟಿ ಓಟಕ್ಕೆ ನಿಂತ. ದಾರಿಯಲ್ಲಿ ಹೋಟೆಲು ಕಂಡಾಗ ಒಳಹೊಕ್ಕು ಉಪಾಹಾರ ಮುಗಿಸಿದ. ಮತ್ತೊಂದೆಡೆ ಕೋಳಿಸಾರು ಹೊಡೆದ. ಹೀಗಿದ್ದೂ ಎಂಟನೆಯವನಾಗಿ ತಲುಪಿದ. ಮರುದಿನ ರಗ್ಬಿ ಆಟವಿತ್ತು. ಬೊಬ್ಬೆಯೆದ್ದ ಕಾಲಿಗೆ ಬೂಟು ಹಿಡಿಸಲಿಲ್ಲವೆಂದು ಕ್ಯಾನ್ವಾಸ್ ಮೆಟ್ಟು ತೊಟ್ಟು ಅದನ್ನೂ ಆಡಿದ!

ಒಡನಾಡಿಗಳೆಂಬ ಹೆಸರು ಹೊತ್ತ ಈ ಓಟದಲ್ಲಿ ಎಲ್ಲರೂ ಒಡನಾಡಿಗಳಾಗಿರಲಿಲ್ಲ. 1923ರಲ್ಲಿ ಫ್ರಾನ್ಸಿಸ್ ಹೇವರ್ಡ್ ಎಂಬಾಕೆಗೆ ಹೆಸರು ನೋಂದಾಯಿಸಲು ಅವಕಾಶ ಕೊಡಲಿಲ್ಲ. ಆಕೆ ಕೇಳದೆ ಓಡಿ, 11 ಗಂಟೆ 35 ನಿಮಿಷಗಳಲ್ಲಿ ಗುರಿ ಸೇರಿದಳು. ಪದಕ ಬರಲಿಲ್ಲ, ಪ್ರೇಕ್ಷಕರೇ ಚಂದಾ ಎತ್ತಿ ಬೆಳ್ಳಿಯ ಚಹಾ ಸಾಮಗ್ರಿ ತಂದುಕೊಟ್ಟರು. 1935ರಲ್ಲಿ ರಾಬರ್ಟ್ ಎಂಟ್‌ಶಾಲಿ ಎಂಬ ಕರಿಯ ಓಟಗಾರ ಸುಮಾರು ಒಂಬತ್ತೂವರೆ ಗಂಟೆಯಲ್ಲಿ ಓಡಿ ಮುಗಿಸಿದ. ಅಧಿಕೃತ ಪಟ್ಟಿಯಲ್ಲಿ ಆತನ ಹೆಸರಿಲ್ಲ. ಬಿಳಿಯ ಗಂಡಸರ ಬೆವರಿಗಷ್ಟೇ ಲೆಕ್ಕವಿಡುವ ಈ ವಿಚಿತ್ರ ಪದ್ಧತಿ 1975ರವರೆಗೆ ನಡೆಯಿತು. ಆ ವರ್ಷ ಹೆಂಗಸರಿಗೂ ಎಲ್ಲ ವರ್ಣದವರಿಗೂ ಅಧಿಕೃತವಾಗಿ ಬಾಗಿಲು ತೆರೆಯಿತು. ಒಂಬತ್ತು ಗಂಟೆ ಮೀರಿ ಹತ್ತರೊಳಗೆ ಓಡಿ ಬರುವವರ ಪದಕಕ್ಕೆ ಎಂಟ್‌ಶಾಲಿಯ ಹೆಸರಿಟ್ಟುದು 2019ರಲ್ಲಿ.

ಬಾಗಿಲು ತೆರೆದ ಮೇಲೂ ಗಡಿಯಾರ ಮಾತ್ರ ನಿಷ್ಕರುಣಿ. ನಿಗದಿಯಾದ ಗಂಟೆ ಮುಗಿಯುವ ಕ್ಷಣಕ್ಕೆ ಅಧಿಕಾರಿಯೊಬ್ಬ ಓಟಗಾರರಿಗೆ ಬೆನ್ನು ತಿರುಗಿಸಿ ನಿಂತು ಗುಂಡು ಹಾರಿಸುತ್ತಾನೆ. ಯಾರ ಮುಖವನ್ನೂ ಕಂಡು ಮನಸ್ಸು ಕರಗಬಾರದಷ್ಟೆ. ಆ ಮೇಲೆ ಒಂದು ಹೆಜ್ಜೆ ಹಿಂದಿದ್ದವನಿಗೂ ಪದಕವಿಲ್ಲ.

ವಾಲಿ ಹೇವರ್ಡ್ 1930ರಲ್ಲಿ, 21ರ ಪ್ರಾಯದಲ್ಲಿ, ಈ ಓಟ ಗೆದ್ದ. ಮುಂದೆ ಇನ್ನೂ ನಾಲ್ಕು ಸಲ ಗೆದ್ದ. 1953ರ ಇಂಗ್ಲೆಂಡ್ ಪ್ರವಾಸದ ವೆಚ್ಚಕ್ಕೆ ಹಣ ಸ್ವೀಕರಿಸಿದನೆಂದು ಆತನನ್ನು ಹವ್ಯಾಸಿಯಲ್ಲವೆಂದು ಸಾರಿ ಬಹುಕಾಲ ದೂರವಿಟ್ಟರು. 1988ರಲ್ಲಿ, 79ನೆಯ ವಯಸ್ಸಿನಲ್ಲಿ, ಮರಳಿ ಬಂದು ಹತ್ತು ಗಂಟೆಯೊಳಗೆ ಓಡಿದ. ಮರುವರ್ಷ ಮತ್ತೆ ಹೊರಟ. ಆ ದಿನ ಡರ್ಬನ್ನಿನಲ್ಲಿ ಮೊದಲಿಗನಾಗಿ ಬಂದವನು ಸ್ಯಾಮ್ ಟ್ಶಬಲಾಲ; ಈ ಓಟ ಗೆದ್ದ ಮೊದಲನೆಯ ಕರಿಯ. ಆತ ಬಂದು ಐದು ಗಂಟೆಗೂ ಮಿಗಿಲಾಗಿತ್ತು, ಹೇವರ್ಡನ ಸುಳಿವಿಲ್ಲ. ಆಗಿನ ಗಡುವು 11 ಗಂಟೆ. ಕಡೆಗೆ ಆತ ಕಾಲೆಳೆಯುತ್ತ ಮೈದಾನದೊಳಕ್ಕೆ ಬಂದ. ಗೆರೆ ದಾಟಿದಾಗ ಗುಂಡು ಹಾರಲು ಒಂದು ನಿಮಿಷ 57 ಸೆಕೆಂಡು ಉಳಿದಿತ್ತು.