ಬಿಟ್ಟುಕೊಟ್ಟ ಮುಖಗಳು

ಬೈಲಹೊಂಗಲದ ನಿವೃತ್ತ ಚಿತ್ರಕಲಾ ಶಿಕ್ಷಕರೊಬ್ಬರಿಗೆ ದಿನವೂ ಕಣ್ಣಿಗೆ ಬಿದ್ದುದೊಂದನ್ನು ಹಾಳೆಗಿಳಿಸದೆ ಸಮಾಧಾನವಿಲ್ಲ. ಹತ್ತಿಯ ಅಂಡಿಗೆ ಹೇರಿದ ಚಕ್ಕಡಿ, ಕಿತ್ತೂರು ಕೋಟೆಯ ಮುರಿದ ಗೋಡೆಯ ಮೇಲಿನ ಬಿಸಿಲು, ರಾಮದುರ್ಗದ ಕೈಮಗ್ಗಕ್ಕೆ ಬಾಗಿದ ಬೆನ್ನು, ಇವೇ ಅವರ ವಸ್ತುಗಳು. 1911ರಲ್ಲಿ ಕಟ್ಟಿಂಗೇರಿಯಲ್ಲಿ ಜನಿಸಿದ ಕೆ. ಕೆ. ಹೆಬ್ಬಾರರು ರೇಖೆಯ ಲಯವನ್ನರಿಯಲೆಂದು ಕಥಕ್ ನೃತ್ಯವನ್ನೇ ಅಭ್ಯಸಿಸಿದರೆಂಬುದನ್ನು ಅವರು ಶಿಷ್ಯರಿಗೆ ಹೇಳುತ್ತಿದ್ದರು. ಕೈ ಪಳಗುವ ಮುನ್ನ ಮನಸ್ಸು ಪಳಗಬೇಕೆಂಬುದು ಅವರ ನಂಬಿಕೆ.

ಒಮ್ಮೆ ಬನದ ಹುಣ್ಣಿಮೆಯ ಜಾತ್ರೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋದಾಗ, ಮರದ ನೆರಳಿನಲ್ಲಿ ಮಲಗಿದ್ದ ಮುದುಕಿಯೊಬ್ಬಳನ್ನು ಬರೆಯತೊಡಗಿದರು. ಚಿತ್ರ ಅರ್ಧವಾಗುವಷ್ಟರಲ್ಲಿ ಎಚ್ಚೆತ್ತ ಆಕೆ ಸೆರಗನ್ನು ಮುಖಕ್ಕೆಳೆದುಕೊಂಡು, "ನನ್ನ ಕೇಳಿ ಬರದೀಯೇನೋ, ಯಪ್ಪಾ?" ಎಂದಳು.

ಅವರಲ್ಲಿ ಉತ್ತರವಿರಲಿಲ್ಲ. ಬಡವರ ಮುಖದ ಸುಕ್ಕು ಚಿತ್ರಕ್ಕೆ ಸೊಗಸು ತರುತ್ತದೆ, ನಿಜ. ಆದರೆ ಆ ಸುಕ್ಕಿನ ಒಡೆಯರಾರು? ಕೊಡದುದನ್ನು ತೆಗೆದುಕೊಳ್ಳುವ ದೋಷ ಹಣದಲ್ಲಿರುವಂತೆ ನೋಟದಲ್ಲಿಯೂ ಉಂಟು. ಹಾಳೆಯನ್ನು ಹರಿದು ಆಕೆಯ ಕೈಗಿತ್ತರು. ಆಕೆ ಬಹಳ ಹೊತ್ತು ನೋಡಿ, ಮಡಚಿ, ಸಂಚಿಯಲ್ಲಿಟ್ಟುಕೊಂಡಳು. ಮತ್ತೆ ಮುಖ ತೋರಿಸಲಿಲ್ಲ.

ಅಂದಿನಿಂದ ಅವರು ಮೊದಲು ಕೇಳುತ್ತಾರೆ, ಬಳಿಕ ಬರೆಯುತ್ತಾರೆ. ಬೇಡವೆನ್ನುವವರು ಕಡಿಮೆಯಿಲ್ಲ. ಅಂಥ ದಿನ ನಿಯಮ ತಪ್ಪದಿರಲೆಂದು ತಮ್ಮ ಎಡಗೈಯನ್ನೇ ಬರೆಯುತ್ತಾರೆ. ಅವರ ಪುಸ್ತಕಗಳಲ್ಲಿ ಎಡಗೈಯ ಚಿತ್ರಗಳು ಹೆಚ್ಚುತ್ತಲೇ ಇವೆ. ಬಿಟ್ಟುಕೊಟ್ಟ ಮುಖಗಳ ಲೆಕ್ಕ ಅದುವೇ.