ನೂರ ಎಪ್ಪತ್ತನಾಲ್ಕನೇ ದಿನ

ಕಳೆದ ಯುಗಾದಿಗೆ ಇಲ್ಲಿನ ಕನ್ನಡ ಸಂಘದ ಊಟದಲ್ಲಿ ಚನ್ನರಾಯಪಟ್ಟಣದ ಕಡೆಯ ಗೆಳೆಯನೊಬ್ಬ ಒಬ್ಬಟ್ಟಿನ ತಟ್ಟೆ ಹಿಡಿದುಕೊಂಡೇ ಬಂದು ನನ್ನ ಪಕ್ಕ ಕೂತ. "ಗುರು, ನೀನು ಮೂರೇ ವರ್ಷಕ್ಕೆ ಸಿಟಿಜನ್‌ಶಿಪ್ಪಿಗೆ ಹಾಕಿದೆಯಂತೆ? ನಮ್ಮನೆಯವಳು ಹೋದ ವರ್ಷ ಸಿಟಿಜನ್ ಆದ್ಲು. ನನ್ನ ಗ್ರೀನ್ ಕಾರ್ಡಿಗೆ ಆಗಲೇ ನಾಲ್ಕು ವರ್ಷ. ಹಂಗಾದ್ರೆ ನಾನು ನಾಳೆನೇ ಅರ್ಜಿ ಹಾಕಬಹುದಲ್ವಾ?"

ಹಾಕಬೇಡ ಅಂದೆ. ಅವನ ಮುಖ ಸಪ್ಪಗಾಯಿತು.

ನಾನಿರುವುದು ಅಮೆರಿಕದ ಉತ್ತರ ಕ್ಯಾರೊಲಿನಾದ ಕ್ಯಾರಿ ಎಂಬ ಊರಿನಲ್ಲಿ. ಇಲ್ಲಿ ನಾಲ್ಕು ಜನ ಕನ್ನಡದವರು ಸೇರಿದರೆ ಮೊದಲು ಊರಿನ ಮಳೆಯ ವಿಚಾರ, ಆಮೇಲೆ ವೀಸಾ ವಿಚಾರ. ಸಿಟಿಜನ್ನರ ಗಂಡ ಅಥವಾ ಹೆಂಡತಿಗೆ ಮೂರೇ ವರ್ಷ ಸಾಕು, ಉಳಿದವರಿಗೆ ಐದು ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ಮಾತು ಸುಳ್ಳಲ್ಲ, ಪೂರ್ತಿಯೂ ಅಲ್ಲ. 1952ರ ವಲಸೆ ಮತ್ತು ಪೌರತ್ವ ಕಾಯ್ದೆಯ 319ನೇ ಕಲಂ ಕೇಳುವುದು ಒಂದು ಮೂರು ವರ್ಷವನ್ನಲ್ಲ. ನಿಮ್ಮ ಕೈಗೆ ಗ್ರೀನ್ ಕಾರ್ಡು ಬಂದು ಮೂರು ವರ್ಷ ಆಗಿರಬೇಕು. ಅದೇ ಸಂಗಾತಿಯ ಜೊತೆ ಗಂಡಹೆಂಡಿರಾಗಿ ಒಂದೇ ಮನೆಯಲ್ಲಿ ಮೂರು ವರ್ಷ ಬಾಳಿರಬೇಕು. ಆ ಮೂರೂ ವರ್ಷ ಅವರು ಅಮೆರಿಕದ ನಾಗರಿಕರಾಗಿಯೇ ಇದ್ದಿರಬೇಕು. ಈ ಕಂಡಿಷನ್‌ಗಳ ಮಧ್ಯೆ ಇರುವುದು 'ಆರ್' ಅಲ್ಲ, 'ಆಂಡ್'. ನಮ್ಮ ಗೆಳೆಯ ಎಡವಿದ್ದು ಕೊನೆಯದರಲ್ಲಿ. ಹೆಂಡತಿ ಸಿಟಿಜನ್ ಆಗಿ ಒಂದೇ ವರ್ಷ ಆಗಿರುವುದರಿಂದ ಆ ದಾರಿಯಲ್ಲಿ ಅವನು ಇನ್ನೂ ಎರಡು ವರ್ಷ ಕಾಯಬೇಕು. ಎಲ್ಲರಿಗೂ ಇರುವ ಐದು ವರ್ಷದ ದಾರಿಯಲ್ಲಿ ಹೋದರೆ ಅವನಿಗೆ ಉಳಿದಿರುವುದು ಒಂದೇ ವರ್ಷ. ಹೊಲದ ಬದುವಿನ ಮೇಲೆ ಬೇಗ ಹೋಗ್ತೀನಿ ಅಂತ ಹೊರಟವನು ಕೆಸರಲ್ಲಿ ಸಿಕ್ಕಿಕೊಂಡು, ರಸ್ತೆಯಲ್ಲಿ ನಡೆದವನು ಮೊದಲು ಮನೆ ಸೇರಿದ ಹಾಗೆ.

"ಅಯ್ಯೋ, ಹಂಗಾ!" ಅಂದು ಒಬ್ಬಟ್ಟು ಮುರಿದ.

ನನ್ನದು ಬೇರೆ ಲೆಕ್ಕ. ಹಾಸನದಲ್ಲಿ ಬಿಇ ಮುಗಿಸಿ, ನಾಲ್ಕು ವರ್ಷ ಬೆಂಗಳೂರಿನಲ್ಲಿ ಕೋಡ್ ಬರೆದು, 2011ರಲ್ಲಿ ಎಚ್-1ಬಿ ಮೇಲೆ ಇಲ್ಲಿಗೆ ಬಂದವನು ನಾನು. ನನ್ನ ಹೆಂಡತಿ ಒಂಬತ್ತು ವರ್ಷದವಳಿದ್ದಾಗ ಅಪ್ಪ ಅಮ್ಮನ ಜೊತೆ ದಾವಣಗೆರೆಯಿಂದ ಬಂದವಳು. ಕಾಲೇಜು ಸೇರುವ ಹೊತ್ತಿಗೆ ಅವಳು ಸಿಟಿಜನ್. 2014ರ ಜನವರಿಯಲ್ಲಿ ಮದುವೆಯಾಯಿತು, ಅದೇ ವರ್ಷ ಅಕ್ಟೋಬರ್ 22ಕ್ಕೆ ನನ್ನ ಗ್ರೀನ್ ಕಾರ್ಡು ಬಂತು. ಕೆಲಸದ ಮೇಲೆ ಕಾರ್ಡು ಕೇಳುವ ಭಾರತದವರ ಸಾಲು ಹತ್ತು ವರ್ಷ ದಾಟಿದರೂ ಅಲುಗಾಡುವುದಿಲ್ಲ. ಒಂದೊಂದು ದೇಶಕ್ಕೆ ವರ್ಷಕ್ಕೆ ಇಷ್ಟೇ ಅಂತ ಮಿತಿ ಇದೆ. ಸಿಟಿಜನ್ನರ ಗಂಡಹೆಂಡಿರಿಗೆ ಆ ಮಿತಿ ಇಲ್ಲ. ನನಗಿಂತ ಮೊದಲು ಬಂದ ಇಬ್ಬರು ಸಹೋದ್ಯೋಗಿಗಳು ಇವತ್ತಿಗೂ ಆ ಸಾಲಿನಲ್ಲಿದ್ದಾರೆ. "ನೀನು ಬಿಡಪ್ಪಾ, ತಾಳಿ ಕಟ್ಟಿ ಕಾರ್ಡು ತಗೊಂಡೆ" ಅಂತ ಅವರು ನಗುತ್ತಾರೆ, ನಾನೂ ನಗುತ್ತೇನೆ. ಆ ನಗು ಪ್ರತಿ ಸಲವೂ ಒಂದು ಕ್ಷಣ ಹೆಚ್ಚೇ ಎಳೆಯುತ್ತದೆ.

ಕಾರ್ಡು ಬಂದಾಗ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ಸಿಗುವುದು ಶರತ್ತಿನ ಕಾರ್ಡು, ಆಯಸ್ಸು ಎರಡೇ ವರ್ಷ. ಮುಗಿಯುವ ಮೊದಲಿನ 90 ದಿನದೊಳಗೆ ಇಬ್ಬರೂ ಸಹಿ ಹಾಕಿ, ನಾವು ನಿಜವಾಗಿಯೂ ಒಟ್ಟಿಗಿದ್ದೇವೆ ಅಂತ ಬಾಡಿಗೆ ಕರಾರು, ಬ್ಯಾಂಕ್ ಖಾತೆ, ಫೋಟೋ ಎಲ್ಲ ಸೇರಿಸಿ ಇನ್ನೊಂದು ಅರ್ಜಿ ಕೊಡಬೇಕು. ಸಮಾಧಾನವೆಂದರೆ ಶರತ್ತಿನ ಆ ಎರಡು ವರ್ಷವೂ ಮೂರರ ಲೆಕ್ಕಕ್ಕೆ ಸೇರುತ್ತದೆ. ಪೌರತ್ವದ ಅರ್ಜಿಯನ್ನು ಮೂರು ವರ್ಷ ತುಂಬುವ 90 ದಿನ ಮೊದಲೇ ಹಾಕಬಹುದು. ನನಗೆ ಆ ದಿನ 2017ರ ಜುಲೈ 24. ಕಾರ್ಡು ಬಂದ ವಾರವೇ ಎಕ್ಸೆಲ್ ಶೀಟು ತೆರೆದು ಆ ತಾರೀಕಿಗೆ ಹಸಿರು ಬಣ್ಣ ಹಚ್ಚಿದ್ದೆ. ಎಚ್-1ಬಿಯಲ್ಲಿದ್ದವನಿಗೆ ತಾರೀಕುಗಳ ಭಯ ಮೈಗೆ ಹತ್ತಿಕೊಂಡಿರುತ್ತದೆ. ಕಾರ್ಡು ಬಂದರೂ ಅದು ಇಳಿಯುವುದಿಲ್ಲ.

ಇತಿಹಾಸ ನೋಡಿದರೆ ಈ ಮೂರು ವರ್ಷವೇ ದೊಡ್ಡ ಮಾತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬುವರ ಮೊಕದ್ದಮೆಯಲ್ಲಿ ಇಲ್ಲಿನ ಸುಪ್ರೀಂ ಕೋರ್ಟು ಭಾರತದವರು ಇಲ್ಲಿನ ಪೌರರಾಗಲು ಅರ್ಹರೇ ಅಲ್ಲ ಅಂದಿತು. ಅದರ ಹಿಂದಿನ ವರ್ಷ ಬಂದ ಕಾನೂನಿನ ಪ್ರಕಾರ, ಇಲ್ಲೇ ಹುಟ್ಟಿದ ಹೆಂಗಸು ಹಾಗೆ ಅರ್ಹನಲ್ಲದವನನ್ನು ಮದುವೆಯಾದರೆ ತನ್ನ ಪೌರತ್ವವನ್ನೇ ಕಳೆದುಕೊಳ್ಳುತ್ತಿದ್ದಳು. ನಮಗೆ ಬಾಗಿಲು ತೆರೆದದ್ದು 1946ರಲ್ಲಿ. ಇದನ್ನು ಹೆಂಡತಿಗೆ ಹೇಳಿದರೆ, "ಆಗಿದ್ದಿದ್ರೆ ನಿನ್ನ ಮದುವೆ ಆಗೋಕೆ ಎರಡು ಸಲ ಯೋಚನೆ ಮಾಡ್ತಿದ್ದೆ" ಅಂದಳು.

ಇರಲಿ. ಹೇಳಬೇಕೆಂದಿದ್ದು ಬೇರೆ.

2016ರ ಫೆಬ್ರವರಿ ಮೊದಲ ವಾರ ತಮ್ಮ ಫೋನ್ ಮಾಡಿದ. ಅಪ್ಪನಿಗೆ ಲಕ್ವ ಹೊಡೆದಿತ್ತು, ಬಲಗಡೆ ಪೂರ್ತಿ. ಮಾತು ತೊದಲುತ್ತಿತ್ತು. ಆರನೇ ತಾರೀಕು ವಿಮಾನ ಹತ್ತಿದೆ. ಇಲ್ಲಿ ದೊಡ್ಡ ಕಂಪನಿಗಳು ತಂದೆತಾಯಿಯ ಕಾಯಿಲೆಗೆ ವರ್ಷಕ್ಕೆ 12 ವಾರ ಸಂಬಳವಿಲ್ಲದ ರಜೆ ಕೊಡಲೇಬೇಕೆಂಬ ಕಾನೂನಿದೆ. ಅದು ಮುಗಿದ ಮೇಲೆ ಮ್ಯಾನೇಜರು, ಅಲ್ಲಿಂದಲೇ ಕೆಲಸ ಮಾಡು, ಅಪ್ಪನ್ನ ನೋಡಿಕೋ ಅಂದ. ಒಳ್ಳೆಯ ಮನುಷ್ಯ. ಅರಕಲಗೂಡು ತಾಲ್ಲೂಕಿನ ನಮ್ಮೂರಲ್ಲಿ ನೆಟ್‌ವರ್ಕ್ ಸಿಗುತ್ತಿದ್ದುದು ಮಾರಮ್ಮನ ಗುಡಿಯ ಜಗಲಿಯ ಮೇಲೆ ಮಾತ್ರ. ರಾತ್ರಿ ಹತ್ತರಿಂದ ಎರಡರವರೆಗೆ ಡಾಂಗಲ್ ಚುಚ್ಚಿಕೊಂಡು ಅಲ್ಲಿ ಕೂರುತ್ತಿದ್ದೆ. ಗದ್ದೆಗೆ ನೀರು ಕಟ್ಟಲು ಹೋಗುವವರು ಟಾರ್ಚ್ ಬಿಟ್ಟು ನೋಡಿ, "ಓ ಇಂಜಿನಿಯರ್ರು" ಅಂದು ಮುಂದೆ ಹೋಗುತ್ತಿದ್ದರು.

ಅಪ್ಪ ಹೊಗೆಸೊಪ್ಪು ಬೆಳೆಯುತ್ತಿದ್ದವನು. ನಮ್ಮ ಕಡೆ ಅದಕ್ಕೆ ವರ್ಜೀನಿಯಾ ಅಂತಲೇ ಹೆಸರು. ನಾನು ಕ್ಯಾರಿಗೆ ಬಂದ ಹೊಸದರಲ್ಲಿ, ಇಲ್ಲೂ ಹೊಗೆಸೊಪ್ಪೇ ಬೆಳೀತಾರಪ್ಪ, ಪಕ್ಕದ ರಾಜ್ಯದ ಹೆಸರೇ ವರ್ಜೀನಿಯಾ ಅಂದಿದ್ದಕ್ಕೆ ಅಪ್ಪ ನಂಬಿರಲಿಲ್ಲ. ಆಮೇಲೆ, "ಅಲ್ಲಿ ಕೆಜಿಗೆ ಏನು ರೇಟು?" ಅಂತ ಕೇಳಿದ್ದ. ಮಲಗಿದ್ದಲ್ಲೇ ಆ ಪ್ರಶ್ನೆಯನ್ನು ಮತ್ತೆ ಎರಡು ಸಲ ಕೇಳಿದ. ಒಂದು ಸಲ ಏನೋ ಒಂದು ಸಂಖ್ಯೆ ಹೇಳಿದೆ. ಅಪ್ಪನಿಗೆ ಸಮಾಧಾನವಾಯಿತು.

ಜೂನ್ ಮುಗಿಯುವ ಹೊತ್ತಿಗೆ ನನ್ನ ಎಕ್ಸೆಲ್ ಶೀಟು ಕೆಂಪಾಗತೊಡಗಿತು. ಪೌರತ್ವಕ್ಕೆ ಎರಡು ಥರದ ದಿನದ ಲೆಕ್ಕ ಇದೆ. ಮೂರು ವರ್ಷದಲ್ಲಿ ಅರ್ಧ, ಅಂದರೆ 18 ತಿಂಗಳು, ಮೈಯಿಂದ ಅಮೆರಿಕದ ನೆಲದ ಮೇಲಿರಬೇಕು. ಹೊರಟ ದಿನ, ಬಂದಿಳಿದ ದಿನ ಎರಡೂ ಇಲ್ಲಿದ್ದ ಲೆಕ್ಕಕ್ಕೇ ಬರುತ್ತವೆ. ಅದರಲ್ಲಿ ನನಗೆ ತೊಂದರೆ ಇರಲಿಲ್ಲ. ಇನ್ನೊಂದು, ವಾಸ ಮುರಿಯದೆ ಸತತವಾಗಿರಬೇಕು ಅನ್ನುವುದು. ಒಂದೇ ಸಲ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ವಾಸ ಮುರಿಯಿತು ಅಂತ ಅಂದುಕೊಳ್ಳುತ್ತಾರೆ. ನನಗೆ ಆರು ತಿಂಗಳು ತುಂಬುವುದು ಆಗಸ್ಟ್ 6ಕ್ಕೆ. ಶರತ್ತಿನ ಕಾರ್ಡಿನ ಅರ್ಜಿಯ ಕಿಟಕಿಯೂ ಜುಲೈ ಕೊನೆಗೇ ತೆರೆಯುತ್ತಿತ್ತು, ಆದರೆ ಅದಕ್ಕೆ ಅಕ್ಟೋಬರ್‌ವರೆಗೆ ಸಮಯವಿತ್ತು. ಒಂದು ವಾರದ ಮಾರ್ಜಿನ್ ಇಟ್ಟುಕೊಂಡು ಜುಲೈ 29ಕ್ಕೆ ಟಿಕೆಟ್ ಮಾಡಿಸಿದೆ.

ಅಪ್ಪನಿಗೆ ಹೇಗೆ ಹೇಳುವುದು? ಇಂಥ ಕಾನೂನು, ಇಷ್ಟು ದಿನ, ಹಸಿರು ಬಣ್ಣ ಹಚ್ಚಿದ ತಾರೀಕು ಅಂತೆಲ್ಲ ಹೇಳಲು ಬಾಯಿ ಬರಲಿಲ್ಲ. "ಆಫೀಸಲ್ಲಿ ಕರೀತಾವ್ರೆ ಅಪ್ಪ, ಹೋಗ್ಲೇಬೇಕು" ಅಂದೆ. ಆಫೀಸಿನಲ್ಲಿ ಯಾರೂ ಕರೆದಿರಲಿಲ್ಲ. ಅಪ್ಪ ಎಡಗೈ ಎತ್ತಿ ಹೋಗು ಅನ್ನುವಂತೆ ಸನ್ನೆ ಮಾಡಿದ. ಅವ್ವ ಒಲೆಯ ಮುಂದಿನಿಂದಲೇ, "ರಜಾ ಮುಗೀತೇನೋ ಮಗಾ?" ಅಂದಳು. ಹೂಂ ಅಂದೆ. ಹೊರಟ ರಾತ್ರಿ ಊರಿನ ಬ್ಯಾರನ್ನುಗಳಿಗೆಲ್ಲ ಬೆಂಕಿ ಹಾಕಿದ್ದರು. ಕಾರಿನ ಕಿಟಕಿ ಏರಿಸಿದ್ದರೂ ಸೊಪ್ಪು ಬೇಯುವ ವಾಸನೆ ಕೇರಳಾಪುರ ದಾಟುವವರೆಗೂ ಬಂತು.

ಅಪ್ಪ ಹೋದದ್ದು ಆಗಸ್ಟ್ 17ರಂದು. ನಾನು ಊರು ಬಿಟ್ಟು 19 ದಿನಕ್ಕೆ. ಮಾರನೇ ದಿನ ಹೊರಟು 20ರ ಬೆಳಗ್ಗೆ ಊರು ಮುಟ್ಟಿದಾಗ ತಮ್ಮ ಕೊಳ್ಳಿ ಇಟ್ಟಾಗಿತ್ತು. ಹನ್ನೊಂದನೇ ದಿನದ ತಿಥಿ ಮುಗಿಸಿ ಸೆಪ್ಟೆಂಬರ್ 4ಕ್ಕೆ ಮತ್ತೆ ಇಲ್ಲಿ.

ಆಮೇಲೊಂದು ರಾತ್ರಿ ನಿದ್ದೆ ಬಾರದೆ ಆ ನಿಯಮವನ್ನು ಪೂರ್ತಿ ಓದಿದೆ. ಅಲ್ಲಿಯವರೆಗೆ ಓದಿದ್ದು ಯಾರೋ ಬರೆದ ಸಾರಾಂಶ. ಆರು ತಿಂಗಳು ದಾಟಿ ವರ್ಷದೊಳಗೆ ಬಂದವರ ವಾಸ ಮುರಿಯಿತು ಎಂಬುದು ಬರೀ ಊಹೆ, ಸಾಕ್ಷಿ ತೋರಿಸಿ ಅದನ್ನು ತಳ್ಳಿಹಾಕಬಹುದು. ಏನು ಸಾಕ್ಷಿ? ಇಲ್ಲಿನ ಕೆಲಸ ಬಿಟ್ಟಿಲ್ಲ, ಹೆಂಡತಿ ಇಲ್ಲೇ ಇದ್ದಾಳೆ, ಮನೆ ಹಾಗೇ ಇದೆ, ಅಲ್ಲಿ ಹೊಸ ನೌಕರಿ ಹಿಡಿದಿಲ್ಲ. ನಾಲ್ಕೂ ನನ್ನ ಹತ್ತಿರ ಇದ್ದವು. ಅಧಿಕಾರಿ ಒಪ್ಪದೇ ಹೋಗಿದ್ದರೂ ಅರ್ಜಿ ತಡವಾಗುತ್ತಿತ್ತು, ಅಷ್ಟೇ. ಕಾಗದ ಓದದೆ ಸಹಿ ಹಾಕಬೇಡ ಅಂತ ಸೊಸೈಟಿ ಸಾಲಕ್ಕೆ ಹೋದಾಗಲೆಲ್ಲ ಹೇಳುತ್ತಿದ್ದವನು ಅಪ್ಪ. ಹೆಬ್ಬೆಟ್ಟಿನವನು.

2017ರ ಜುಲೈ 24ರಂದೇ ಅರ್ಜಿ ಹಾಕಿದೆ, ಎನ್-400, 725 ಡಾಲರ್. ಮರುವರ್ಷ ಸಂದರ್ಶನ. ನನ್ನ ಕಾಲಕ್ಕೆ ನೂರು ಪ್ರಶ್ನೆಯಲ್ಲಿ ಹತ್ತು ಕೇಳಿ ಆರಕ್ಕೆ ಸರಿ ಉತ್ತರ ಹೇಳಿದರೆ ಪಾಸು. ಮೊದಲ ಆರೂ ಸರಿಯಾದವು, ಅಲ್ಲಿಗೇ ನಿಲ್ಲಿಸಿದರು. ಆಮೇಲೆ ಮದುವೆಯ ಕಾಗದ. ಪ್ರಮಾಣವಚನದ ದಿನದವರೆಗೂ ಮದುವೆ ಉಳಿದಿರಬೇಕು. ಮಧ್ಯೆ ಡೈವೋರ್ಸ್ ಆದರೆ, ಸಂಗಾತಿ ತೀರಿಕೊಂಡರೂ, ಈ ದಾರಿ ಮುಚ್ಚಿ ಐದು ವರ್ಷದ ದಾರಿಯೇ ಗತಿ. ಕೊನೆಗೆ ಅಧಿಕಾರಿ, ನಡುವಯಸ್ಸಿನ ಹೆಂಗಸು, ಪ್ರಯಾಣದ ಪಟ್ಟಿಯ ಮೇಲೆ ಬೆರಳಿಟ್ಟು, ಈ ಪ್ರಯಾಣ ಯಾಕಿಷ್ಟು ಉದ್ದ ಅಂದಳು. ಅಪ್ಪನಿಗೆ ಹುಷಾರಿರಲಿಲ್ಲ ಅಂದೆ. "ಈಗ ಹೇಗಿದ್ದಾರೆ?" ಅಂತ ಕೇಳಿದಳು. ನಾನು ಅದರ ಕೆಳಗಿನ ಸಾಲು ತೋರಿಸಿದೆ, ಆಗಸ್ಟ್ 18ರಿಂದ ಸೆಪ್ಟೆಂಬರ್ 4. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಕೆಂಪು ಪೆನ್ನಿನಿಂದ ಎರಡೂ ಸಾಲಿಗೆ ಟಿಕ್ ಹಾಕಿದಳು.

ಇಲ್ಲಿ ಪ್ರಮಾಣವಚನ ಮಾಡಿದ ಗಳಿಗೆಗೆ ಅಲ್ಲಿನದು ಹೋಗುತ್ತದೆ. ನಮ್ಮ 1955ರ ಕಾಯ್ದೆ ಎರಡು ಪೌರತ್ವ ಒಪ್ಪುವುದಿಲ್ಲ. ಪಾಸ್‌ಪೋರ್ಟು ರದ್ದಾಗಿ ವಾಪಸು ಬಂತು. ಒಸಿಐ ಕಾರ್ಡಿಗೆ ಹಾಕಿದೆ. ಒಸಿಐನವರು ಹೊಲ ಕೊಳ್ಳುವಂತಿಲ್ಲ, ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಅಪ್ಪನ ಹೊಲದ ಪೌತಿ ಖಾತೆಯನ್ನು ತಮ್ಮನ ಒಬ್ಬನ ಹೆಸರಿಗೇ ಮಾಡಿಸು ಅಂದರೆ ಅವ್ವ ಒಪ್ಪಲಿಲ್ಲ. "ಪಾಣಿಲಿ ನಿನ್ನ ಹೆಸರೂ ಇರ್ಲಿ. ಅಷ್ಟಾದ್ರೂ ಇಲ್ಲಿರ್ಲಿ" ಅಂದಳು.

ಇಷ್ಟೆಲ್ಲ ನಾನು ಯುಗಾದಿ ಊಟದಲ್ಲಿ ಹೇಳಲಿಲ್ಲ. ಗೆಳೆಯನೇ ಮಾತು ತಿರುಗಿಸಿ, "ಅಮ್ಮಂಗೆ ಎರಡೂ ಮಂಡಿ ಆಪರೇಷನ್ನು. ಊರಿಗೆ ಹೋಗಬೇಕು. ಎಷ್ಟು ದಿನ ಇರಬಹುದು ಗುರು?" ಅಂದ. ಆರು ತಿಂಗಳ ಒಳಗೆ ಬಂದರೆ ಯಾರೂ ಏನೂ ಕೇಳುವುದಿಲ್ಲ ಅಂದೆ. ದಾಟಿದರೆ ಸಂಬಳದ ಚೀಟಿ, ಮನೆ ಕರಾರು, ಟ್ಯಾಕ್ಸಿನ ಕಾಗದ ಎಲ್ಲ ಜೋಡಿಸಿಟ್ಟುಕೋ, ಹೆದರಬೇಡ, ಇರಬೇಕಾದಷ್ಟು ದಿನ ಇದ್ದು ಬಾ, ವರ್ಷ ಮಾತ್ರ ದಾಟಿಸಬೇಡ ಅಂದೆ.

"ನಿಮ್ಮಪ್ಪಂಗೆ ಹುಷಾರಿಲ್ಲದಾಗ ನೀನು ಎಷ್ಟು ದಿನ ಇದ್ದೆ?"

"ನೂರ ಎಪ್ಪತ್ತನಾಲ್ಕು."

ಅವನೂ ನನ್ನ ಹಾಗೇ ಕೋಡ್ ಬರೆಯುವವನು. ಮನಸ್ಸಿನಲ್ಲೇ ಕಳೆದು ನೋಡಿದ. "ಇನ್ನೂ ಒಂದು ವಾರ ಇತ್ತಲ್ಲೋ" ಅಂದ.

ಅಷ್ಟರಲ್ಲಿ ಯಾರೋ ಅನ್ನ ಬಡಿಸಲು ಬಂದರು.