ಹಿರಿಯರಿಗೊಂದು ಜಾಗ: ಖಾನಾಪುರದ ಸಿದ್ದಿ ಮನೆಯಲ್ಲಿ ಒಂದು ದಿನ

ಮೂವತ್ತು ವರ್ಷಗಳ ಹಿಂದಿನ ಮಾತು. ಆಗ ನಾವು ಬೆಳಗಾವಿಯ ಮಠವೊಂದರ ಪ್ರಸಾದ ನಿಲಯದಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದೆವು. ಖಾನಾಪುರದ ಕಾಡಂಚಿನಿಂದ ಬಂದ ಸಿದ್ದಿ ಬಾಲಕನೊಬ್ಬನು ಹಿರಿಯರ ಪೂಜೆಗೆಂದು ಊರಿಗೆ ಹೋಗಲು ಎರಡು ದಿನ ರಜೆ ಬೇಡಿದನು. ತೆಂಗಿನಕಾಯಿಯನ್ನು ಪೂಜಿಸುವುದು ಮೌಢ್ಯವೆಂದು ತಿಳಿಹೇಳಿ ನಾವು ಅವನನ್ನು ತಡೆದೆವು. ಅವನು ಮತ್ತೆಂದೂ ಕೇಳಲಿಲ್ಲ. ನಮ್ಮ ಬೋಧೆ ಫಲಿಸಿತೆಂದು ಅಂದು ಸಂತೋಷಪಟ್ಟೆವು.

ಈಗ ಸಂಸಾರಸ್ಥನಾಗಿರುವ ಅದೇ ಶಿಷ್ಯನು ಈಚೆಗೆ ತನ್ನ ಮನೆಯ ಹಿರಿಯರ ಪೂಜೆಗೆ ನಮ್ಮನ್ನು ಆಹ್ವಾನಿಸಿದನು. ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 25 ಕಿಲೋಮೀಟರುಗಳ ಹಾದಿ. ಕಣಕುಂಬಿಯಲ್ಲಿ ಹುಟ್ಟಿ ಬರುವ ಮಲಪ್ರಭೆಯನ್ನು ಕಂಡು, ಮುಂದೆ ನಂದಗಡದಲ್ಲಿ 1831ರಲ್ಲಿ ನೇಣಿಗೇರಿದ ಸಂಗೊಳ್ಳಿ ರಾಯಣ್ಣನ ಸಮಾಧಿಗೆ ನಮಿಸಿದೆವು. ಅವನ ಸಂಗಡಿಗರಲ್ಲಿ ಗಜವೀರನೆಂಬ ಸಿದ್ದಿಯೂ ಇದ್ದನೆಂದು ಈ ಸೀಮೆಯ ಜನ ಅಭಿಮಾನದಿಂದ ಹೇಳುತ್ತಾರೆ.

ಸಿದ್ದಿಗಳ ಮೂಲ ಆಫ್ರಿಕಾ ಖಂಡ. ಪೋರ್ಚುಗೀಸರು ಅವರ ಪೂರ್ವಿಕರಲ್ಲಿ ಅನೇಕರನ್ನು ಗುಲಾಮರನ್ನಾಗಿ ಗೋವೆಗೆ ತಂದರು. ತಪ್ಪಿಸಿಕೊಂಡವರು ಸಹ್ಯಾದ್ರಿಯ ಕಾಡುಗಳಲ್ಲಿ ನೆಲೆಸಿದರು. ಹಳಿಯಾಳ, ಯಲ್ಲಾಪುರ, ಖಾನಾಪುರ, ಕಲಘಟಗಿಗಳ ಕಡೆ ಇಂದು ಅವರ ವಾಸ. ಅವರಲ್ಲಿ ಹಿಂದೂಗಳೂ, ಕ್ರೈಸ್ತರೂ, ಮುಸಲ್ಮಾನರೂ ಇದ್ದಾರೆ. ಮದುವೆಗಳು ಅವರವರ ಧರ್ಮದಂತೆ ಮಂಟಪದಲ್ಲಿ, ಇಗರ್ಜಿಯಲ್ಲಿ, ನಿಕಾಹದ ಮೂಲಕ ನಡೆಯುತ್ತವೆ. ಬೇರೆ ಬೇರೆ ಧರ್ಮಗಳಲ್ಲಿದ್ದರೂ ಹೆಸರಿನ ಕೊನೆಯಲ್ಲಿ ‘ಸಿದ್ದಿ’ ಎಂಬುದನ್ನು ಬಿಟ್ಟುಕೊಟ್ಟಿಲ್ಲ.

ಶಿಷ್ಯನ ಮನೆಯ ಮೂಲೆಯಲ್ಲಿ ಅರಿಶಿನ ಕುಂಕುಮ ಹಚ್ಚಿದ ತೆಂಗಿನಕಾಯಿಗಳಿದ್ದವು. ಅವೇ ಗತಿಸಿದ ಹಿರಿಯರ ಕುರುಹು. ಎಡೆಯಾದ ಬಳಿಕ ಗಂಡಸರು ಚರ್ಮವಾದ್ಯವಾದ ಡಮಾಮಿಯನ್ನು ಬಾರಿಸಿದರು. ಹೆಂಗಸರು ಕೊಂಕಣಿಯಲ್ಲಿ ಹಾಡುತ್ತ ಕುಣಿದರು. ಹಿಂದೆ ಬೆಳಗಿನವರೆಗೂ ನಡೆಯುತ್ತಿದ್ದ ಕುಣಿತ ಹತ್ತು ಗಂಟೆಗೆ ಮುಗಿಯಿತು, ಏಕೆಂದರೆ ಮರುದಿನ ಮಕ್ಕಳಿಗೆ ಶಾಲೆಯಿತ್ತು. ಕನ್ನಡ ಶಾಲೆಯ ಆ ಮಕ್ಕಳಿಗೆ ಹಾಡಿನ ಕೆಲವು ಮಾತುಗಳ ಅರ್ಥವೂ ತಿಳಿಯದು.

ನಮ್ಮ ಹಳೆಯ ಬೋಧೆಯನ್ನು ನಾವೇ ನೆನಪಿಸಿದಾಗ ಶಿಷ್ಯನ ವೃದ್ಧ ತಾಯಿ ನಕ್ಕು ಹೇಳಿದಳು: “ಕಾಯಿ ದೇವ್ರಲ್ರಿ ಗುರುಗಳ. ನಮ್ಮ ಹಿರ್ಯಾರು ಯಾವ ಊರಿಂದ ಬಂದ್ರು ಅನ್ನೂದು ನಮಗ ಗೊತ್ತಿಲ್ಲ. ಅವರು ಮನಿಗೆ ಬಂದ್ರ ಕುಂದ್ರಾಕ ಒಂದು ಜಾಗಾ ಬೇಕಲ್ರಿ.”

ನಾವು ನಿರುತ್ತರರಾದೆವು. ಬಂದ ನೆಲದ ಭಾಷೆ, ಉಡುಗೆ, ದೇವರುಗಳನ್ನೂ ಒಪ್ಪಿಕೊಂಡ ಈ ಜನ ಉಳಿಸಿಕೊಂಡದ್ದು ಆ ಒಂದು ಮೂಲೆಯನ್ನು ಮಾತ್ರ. ಅದನ್ನೂ ಬಿಡಿಸಲು ಹೊರಟಿದ್ದೆವು ನಾವು!

ಬಂಧುಗಳೇ, ಕಲ್ಯಾಣವೂ ಬಂದವರಿಂದಲೇ ತುಂಬಿತ್ತು. ಮೋಳಿಗೆಯ ಮಾರಯ್ಯನವರು ಕಾಶ್ಮೀರದಿಂದಲೂ ಆದಯ್ಯನವರು ಸೌರಾಷ್ಟ್ರದಿಂದಲೂ ಬಂದವರೆಂಬುದು ನಮ್ಮ ಪರಂಪರೆಯ ನಂಬಿಕೆ. ಇಂದು ನಮ್ಮವರೇ ಅಮೇರಿಕ, ಇಂಗ್ಲೆಂಡುಗಳಲ್ಲಿ ಪರದೇಶಿಗಳಾಗಿದ್ದಾರೆ. ಅಲ್ಲಿ ದಿನಗಟ್ಟಲೆಯ ಮದುವೆ ರಜೆಯ ಒಂದು ದಿನಕ್ಕೆ ಇಳಿಯುವುದುಂಟು. ಮೊಮ್ಮಕ್ಕಳಿಗೆ ವಚನದ ಅರ್ಥವನ್ನು ಇಂಗ್ಲಿಷಿನಲ್ಲಿ ಹೇಳಬೇಕಾಗುವುದುಂಟು. ಅದು ಸಹಜ. ಆದರೆ ಅಲ್ಲಿನ ಮೇಷ್ಟರೊಬ್ಬರು ನಮ್ಮ ಮಗುವಿನ ಕೊರಳಿನ ಇಷ್ಟಲಿಂಗವನ್ನು ಮೌಢ್ಯವೆಂದು ತೆಗೆಸಿದರೆ ನಮಗೆ ಹೇಗಾದೀತು?

ಪರಿಶಿಷ್ಟ ಪಂಗಡದ ಮಾನ್ಯತೆ 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ದೊರೆಯಿತು. ಬೆಳಗಾವಿ, ಧಾರವಾಡ ಜಿಲ್ಲೆಗಳವರು ಅದಕ್ಕಾಗಿ 2020ರವರೆಗೆ ಕಾಯಬೇಕಾಯಿತು. ಸರಕಾರ ಕೊಡುವುದನ್ನು ಸರಕಾರ ಕೊಡಲಿ. ನೆರೆಯವರಾದ ನಾವು ಕೊಡಬೇಕಾದದ್ದು ಗೌರವ. ಆಚರಣೆ ಎಷ್ಟು ಬದಲಾಗಬೇಕೆಂಬುದನ್ನು ಆ ಮನೆಯವರು ತಾವೇ ತೀರ್ಮಾನಿಸಲಿ.

ಹೊರಡುವಾಗ ಶಿಷ್ಯನ ಮಗಳು ನಮ್ಮ ಪಾದ ಮುಟ್ಟಿದಳು. ಬೆಳಗಾವಿಯಲ್ಲಿ ಕಾಲೇಜು ಓದುತ್ತಿರುವ ಆಕೆಗೆ ನಾವು ಹೇಳಿದ್ದಿಷ್ಟೇ: “ಪ್ರತಿವರ್ಷವೂ ಈ ಪೂಜೆಗೆ ಊರಿಗೆ ಬಾ, ತಾಯಿ. ಯಾರಾದರೂ ರಜೆ ಕೊಡದಿದ್ದರೆ ನಮ್ಮ ಹೆಸರು ಹೇಳು.”